ಮಾತು ಬಾರದ ಬಾಲಕನಿಗೆ ಟ್ಯಾಬ್ ಬಂದಿದೆ, ತರಗತಿಯಲ್ಲಿ ಹೇಗೆ ಬಳಸಲಿ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಶಿಕ್ಷಕಿ. ನನ್ನ ತರಗತಿಯ 31 ಮಕ್ಕಳಲ್ಲಿ ಏಳು ವರ್ಷದ ಒಬ್ಬ ಬಾಲಕನಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದ್ದಾರೆ. ಅವನಿಗೆ ಮಾತು ಬಂದಿಲ್ಲ. ನಾವು ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತದೆ ಎಂದು ನನಗೆ ಅನ್ನಿಸುತ್ತದೆ. ಊರಿನ ದಾನಿಯೊಬ್ಬರು ಅವನಿಗೆಂದೇ ಒಂದು ಟ್ಯಾಬ್ ಕೊಡಿಸಿದ್ದಾರೆ. ಅದರಲ್ಲಿ ಅವನು ಹಾಡಿನ ವಿಡಿಯೋಗಳನ್ನು ಮಾತ್ರ ನೋಡುತ್ತಾನೆ. ತೆಗೆದುಕೊಂಡರೆ ನೆಲಕ್ಕೆ ಬಿದ್ದು ಅಳುತ್ತಾನೆ. ಮಾತಾಡುವ ಆಪ್, ಅಂದರೆ ಚಿತ್ರದ ಗುಂಡಿ ಒತ್ತಿದರೆ ಆ ಪದವನ್ನು ಗಟ್ಟಿಯಾಗಿ ಹೇಳುವ ಆಪ್, ಹಾಕಿಕೊಡಿ ಎಂದು ಕೆಲವರು ಹೇಳುತ್ತಾರೆ. ಆದರೆ ಯಂತ್ರವೇ ಮಾತಾಡಿದರೆ ಮಗನ ಬಾಯಿಂದ ಎಂದೂ ಮಾತು ಬರುವುದಿಲ್ಲವೆಂದು ತಾಯಿ ಹೆದರಿದ್ದಾರೆ. ಯಾವ ಆಪ್ ಒಳ್ಳೆಯದು, ತರಗತಿಯಲ್ಲಿ ಅದನ್ನು ಹೇಗೆ ಬಳಸಬೇಕು, ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ತಾಯಿಯ ಭಯದಿಂದಲೇ ಆರಂಭಿಸುತ್ತೇನೆ. ಆ ಭಯ ಮನೆಯಲ್ಲಿ ಇರುವವರೆಗೆ ನೀವು ಎಷ್ಟೇ ಶ್ರಮಪಟ್ಟರೂ ಅದರ ಫಲ ಶಾಲೆಯ ಗೇಟು ದಾಟುವುದಿಲ್ಲ. ಈ ಪ್ರಶ್ನೆಯನ್ನು ನನಗೆ ಕೇಳದ ತಂದೆತಾಯಿಯರು ಅಪರೂಪ, ಇದು ಅಜ್ಞಾನದಿಂದ ಹುಟ್ಟುವ ಪ್ರಶ್ನೆಯೂ ಅಲ್ಲ. ಆದರೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಬೆಳವಣಿಗೆಯ ತೊಂದರೆ ಇರುವವರಿಗೆ ಚಿತ್ರ, ಸಂಜ್ಞೆ ಅಥವಾ ಯಂತ್ರದ ಮೂಲಕ ಸಂವಹನ ಕಲಿಸಿದಾಗ ಅವರ ಬಾಯಿಮಾತು ಏನಾಯಿತು ಎಂಬುದರ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಒಂದು ವಿಮರ್ಶಾ ಲೇಖನ ಪ್ರಕಟವಾಯಿತು. ಅದರಲ್ಲಿ ಕಟ್ಟುನಿಟ್ಟಿನ ಕ್ರಮದಿಂದ ನಡೆದಿದ್ದ ಆರು ಅಧ್ಯಯನಗಳ 27 ಜನರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ, ಶೇ. 89ರಷ್ಟು ಜನರಲ್ಲಿ ಮಾತು ಸ್ವಲ್ಪವಾದರೂ ಹೆಚ್ಚಿತ್ತು. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನಿಮ್ಮ ಬಾಲಕನಿಗೆ ಇನ್ನೂ ಹತ್ತಿರದ್ದು. ಬಹಳ ಕಡಿಮೆ ಮಾತಿದ್ದ, 5ರಿಂದ 8 ವರ್ಷದೊಳಗಿನ, ಆಟಿಸಂ ಇರುವ 61 ಮಕ್ಕಳು ಅದರಲ್ಲಿದ್ದರು. ಮಾತಾಡುವ ಸಾಧನವನ್ನು ಆರಂಭದಿಂದಲೇ ಜೊತೆಗಿಟ್ಟುಕೊಂಡು ಕಲಿತ ಮಕ್ಕಳು, ಅದಿಲ್ಲದೆ ಕಲಿತವರಿಗಿಂತ ಹೆಚ್ಚು ಬಾರಿ, ಯಾರೂ ಕೇಳದೆಯೇ ತಾವಾಗಿ ಏನನ್ನಾದರೂ ಹೇಳಲು ಮುಂದಾದರು.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ನಾವು 'ನೀರು' ಎಂಬ ಪದವನ್ನು ಒಮ್ಮೆ ಗಟ್ಟಿಯಾಗಿ, ಒಮ್ಮೆ ಅವಸರದಲ್ಲಿ, ಒಮ್ಮೆ ಬೇರೆ ಪದಗಳ ನಡುವೆ ಸೇರಿಸಿ ಹೇಳುತ್ತೇವೆ. ಗುಂಡಿ ಒತ್ತಿದಾಗ ಕೇಳುವ 'ನೀರು' ಮಾತ್ರ ಪ್ರತಿ ಸಲವೂ ಒಂದೇ ಬಗೆಯದು, ಅದರ ಬೆನ್ನಿಗೇ ನೀರು ಕೈಗೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಏನಾದರೂ ಹೇಳಿದರೆ ಜನ ಕೇಳುತ್ತಾರೆ ಎಂಬ ನಂಬಿಕೆ ಮಗುವಿಗೆ ಬರುತ್ತದೆ. ಬಾಯಿ ಬಿಡುವ ಆಸೆ ಹುಟ್ಟುವುದೂ ಆ ನಂಬಿಕೆಯಿಂದಲೇ. ಹಾಗೆಂದು ಟ್ಯಾಬನ್ನು ಮಾತು ಬರಿಸುವ ಮದ್ದು ಎಂದು ತಾಯಿಗೆ ಹೇಳಬೇಡಿ. ಕೆಲವು ಮಕ್ಕಳಿಗೆ ಬಾಯಿಮಾತು ಬರುತ್ತದೆ, ಕೆಲವರಿಗೆ ನಾಲ್ಕಾರು ಪದಗಳು ಬಂದು ನಿಲ್ಲುತ್ತವೆ, ಕೆಲವರಿಗೆ ಬರುವುದೇ ಇಲ್ಲ. ಬರದ ಮಗುವಿಗೂ ಹೇಳಿಕೊಳ್ಳುವುದು ಬೇಕಾದಷ್ಟು ಇರುತ್ತದೆ. ಬಾಯಿಂದ ಬಂದರೂ ಬೆರಳಿನಿಂದ ಬಂದರೂ ಅದು ಅವನ ಮಾತೇ ಎಂದು ಆ ತಾಯಿಗೆ ಹೇಳಿ. ಅವರು ನಂಬಲು ಸಮಯ ತೆಗೆದುಕೊಂಡರೆ ಕೊಡಿ.

ಇನ್ನು ವಿಡಿಯೋ ವಿಷಯ. ಈಗ ಆ ಟ್ಯಾಬ್ ಬಾಲಕನ ಕಣ್ಣಿಗೆ ಹಾಡಿನ ಪೆಟ್ಟಿಗೆ. ಅದೇ ಪೆಟ್ಟಿಗೆಯನ್ನು ನಾಳೆಯಿಂದ ನೀನು ಮಾತಾಡುವ ಸಾಧನ ಎಂದರೆ ಅವನು ಒಪ್ಪುವುದಿಲ್ಲ, ಒಪ್ಪಬೇಕಾದ ಕಾರಣವೂ ಇಲ್ಲ. ಸಾಧ್ಯವಿದ್ದರೆ ಹಾಡಿಗೆ ಮನೆಯ ಹಳೆಯ ಮೊಬೈಲ್ ಇರಲಿ, ಟ್ಯಾಬಿನಿಂದ ವಿಡಿಯೋ ಆಪ್‌ಗಳನ್ನು ತೆಗೆದುಹಾಕಿ. ಎರಡು ಸಾಧನ ಇಲ್ಲವಾದರೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಭದ್ರತೆಯ ವಿಭಾಗದಲ್ಲಿ 'ಆಪ್ ಪಿನ್ನಿಂಗ್' ಎಂಬ ಸೌಲಭ್ಯವಿದೆ. ಅದನ್ನು ಆನ್ ಮಾಡಿ, ಹೊರಬರಲು ಪಾಸ್‌ವರ್ಡ್ ಕೇಳುವ ಆಯ್ಕೆಯನ್ನೂ ಆರಿಸಿ, ಬೇಕಾದ ಆಪನ್ನು ಪಿನ್ ಮಾಡಿದರೆ ಅದೊಂದೇ ತೆರೆದಿರುತ್ತದೆ, ಪಾಸ್‌ವರ್ಡ್ ಇಲ್ಲದೆ ಮಗು ಅದರಿಂದ ಆಚೆ ಹೋಗಲಾರದು. ಟ್ಯಾಬ್ ತೆಗೆದುಕೊಂಡಾಗ ಅವನು ಬಿದ್ದು ಅಳುವುದನ್ನು ಹಟ ಎಂದು ಭಾವಿಸಬೇಡಿ. ಹಾಡು ಮುಗಿಯುವುದು ಯಾವಾಗ, ಮತ್ತೆ ಸಿಗುವುದು ಯಾವಾಗ ಎಂಬುದು ಅವನಿಗೆ ಗೊತ್ತಿಲ್ಲ, ಕೇಳಲು ಬಾಯಿಲ್ಲ. ಒಂದು ರಟ್ಟಿನ ಮೇಲೆ ಎಡಕ್ಕೆ 'ಮೊದಲು', ಬಲಕ್ಕೆ 'ಆಮೇಲೆ' ಎಂದು ಬರೆದು, ಮೊದಲು ಮಣಿ ಎಣಿಸುವುದು, ಆಮೇಲೆ ಹಾಡು ಎಂದು ಚಿತ್ರ ಅಂಟಿಸಿ ತೋರಿಸಿ, ಹಾಡು ಶುರುವಾದಾಗ ಮೂರು ನಿಮಿಷದ ಮರಳು ಗಡಿಯಾರವನ್ನು ಅವನ ಕಣ್ಣೆದುರು ತಿರುಗಿಸಿಡಿ. ಮೊದಲ ವಾರ ಅಳು ನಿಲ್ಲಲಿಕ್ಕಿಲ್ಲ. ಆದರೆ ನೀವು ಹೇಳಿದಂತೆಯೇ ಪ್ರತಿ ದಿನ ನಡೆಯುತ್ತದೆ ಎಂದು ಅವನಿಗೆ ಖಚಿತವಾದರೆ ಅಳು ಇಳಿಯುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಮಾತಾಡುವ ಆಪ್ ಹಾಕಿದ ದಿನದಿಂದ ಆ ಟ್ಯಾಬ್ ಬಹುಮಾನವೂ ಅಲ್ಲ, ಶಿಕ್ಷೆಯೂ ಅಲ್ಲ. ಗಲಾಟೆ ಮಾಡಿದನೆಂದು ಅದನ್ನು ಕಿತ್ತಿಟ್ಟುಕೊಳ್ಳುವುದು, ಮಾತು ಬರುವ ಮಗುವಿನ ಬಾಯಿಗೆ ಬಟ್ಟೆ ಕಟ್ಟಿದಂತೆ.

ಆದರೂ ನೀವು ಮೊದಲು ಆಪ್‌ನಿಂದ ಆರಂಭಿಸುವುದು ಬೇಡ, ರಟ್ಟು ಮತ್ತು ಅಂಟಿನಿಂದ ಆರಂಭಿಸಿ. ಚಿತ್ರ ಕೊಟ್ಟು ವಸ್ತು ಪಡೆಯುವ ಪದ್ಧತಿಯನ್ನು 1985ರಲ್ಲಿ ಅಮೆರಿಕದ ಡೆಲಾವೇರ್ ರಾಜ್ಯದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಎಂಬಿಬ್ಬರು ರೂಪಿಸಿದರು. ಪೆಕ್ಸ್ ಎಂಬ ಹೆಸರಿನಿಂದ ವಿಶೇಷ ಶಿಕ್ಷಕರೆಲ್ಲರಿಗೂ ಅದು ಪರಿಚಿತ. ಅದರಲ್ಲಿ ಆರು ಹಂತಗಳಿವೆ, ನಿಮಗೆ ಸದ್ಯಕ್ಕೆ ಬೇಕಾದದ್ದು ಮೊದಲ ಹಂತ. ಅವನಿಗೆ ಬಹಳ ಇಷ್ಟವಾದ ಒಂದು ವಸ್ತು, ಚುರುಮುರಿ ಎಂದಿಟ್ಟುಕೊಳ್ಳೋಣ, ನಿಮ್ಮ ಮುಷ್ಟಿಯಲ್ಲಿ ಅವನಿಗೆ ಕಾಣುವಂತೆ ಇರಲಿ. ಚುರುಮುರಿಯ ಫೋಟೋ ಅಂಟಿಸಿದ ರಟ್ಟು ಅವನ ಮುಂದೆ ಇರಲಿ. ಅವನು ನಿಮ್ಮ ಮುಷ್ಟಿಗೆ ಕೈ ಚಾಚಿದಾಗ, ಹಿಂದೆ ಕುಳಿತ ಇನ್ನೊಬ್ಬರು ಏನೂ ಮಾತಾಡದೆ ಅವನ ಕೈಯನ್ನು ರಟ್ಟಿನ ಕಡೆಗೆ ತಿರುಗಿಸಿ, ಅದನ್ನು ಎತ್ತಿಸಿ ನಿಮ್ಮ ಅಂಗೈಗೆ ಹಾಕಿಸಬೇಕು. ಹಾಕಿದ ಕ್ಷಣವೇ 'ಚುರುಮುರಿ' ಎಂದು ಹೇಳಿ ನಾಲ್ಕು ಕಾಳು ಕೊಡಿ. 'ಏನು ಬೇಕು?' ಎಂದು ಕೇಳಬೇಡಿ. ಕೇಳಿದರೆ ಅವನು ನಿಮ್ಮ ಪ್ರಶ್ನೆಗಾಗಿ ಕಾಯುವುದನ್ನು ಕಲಿಯುತ್ತಾನೆ. ನಮಗೆ ಬೇಕಾಗಿರುವುದು ಅವನೇ ಮಾತು ತೆಗೆಯುವುದು. ಹಿಂದೆ ಕೂರಲು ಮೊದಲ ವಾರ ತಾಯಿಯನ್ನೇ ಕರೆಯಿರಿ, ಅವರ ಭಯ ಕರಗುವುದಕ್ಕೂ ಅದೇ ದಾರಿ. ದಿನ ಕಳೆದಂತೆ ಹಿಂದಿನವರ ಕೈ ಹಿಂದೆ ಸರಿಯಬೇಕು, ನೀವೂ ಒಂದೊಂದು ಹೆಜ್ಜೆ ದೂರ ನಿಲ್ಲಬೇಕು. ರಟ್ಟು ಹಿಡಿದು ನಿಮ್ಮ ಬಳಿಗೆ ನಡೆದು ಬಂದನೆಂದರೆ, ಮಾತೆಂದರೆ ಇನ್ನೊಬ್ಬರ ಬಳಿಗೆ ಒಯ್ಯುವ ವಸ್ತು ಎಂಬುದು ಅವನಿಗೆ ತಿಳಿಯಿತು ಎಂದರ್ಥ. ಗುಂಡಿ ಒತ್ತಿದರೆ ಸದ್ದು ಬರುತ್ತದೆ ಎಂಬುದನ್ನಷ್ಟೇ ಟ್ಯಾಬ್ ಕಲಿಸಬಲ್ಲದು. ಸದ್ದು ಯಾರಿಗಾಗಿ ಎಂಬುದನ್ನು ಕಲಿಸುವುದು ಈ ರಟ್ಟು. ಕರೆಂಟು ಹೋದ ದಿನವೂ ಅದು ಉಳಿಯುತ್ತದೆ ಎಂಬುದು ಇನ್ನೊಂದು ಅನುಕೂಲ.

ಚಿತ್ರಗಳಿಗೆ ಹಣ ಖರ್ಚು ಮಾಡಬೇಕಿಲ್ಲ. ಸ್ಪೇನ್ ದೇಶದ ಅರಗಾನ್ ಪ್ರಾಂತೀಯ ಸರ್ಕಾರ ನಡೆಸುವ ಅರಸಾಕ್ ಎಂಬ ಭಂಡಾರದಲ್ಲಿ ಸಾವಿರಾರು ಚಿತ್ರಗಳಿವೆ. ವ್ಯಾಪಾರಕ್ಕಲ್ಲದೆ ಕಲಿಕೆಗಾಗಿ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಆದರೆ ಊಟ, ಮನೆ, ಜನ ಇವುಗಳಿಗೆ ನಿಮ್ಮ ಮೊಬೈಲಿನಲ್ಲಿ ತೆಗೆದ ಫೋಟೋಗಳೇ ಮೇಲು. ರೊಟ್ಟಿಯ ಬದಲು ಬ್ರೆಡ್ಡಿನ ಚಿತ್ರ, ಬೋರ್‌ವೆಲ್ಲಿನ ಬದಲು ವಾಷ್‌ಬೇಸಿನ್ನಿನ ಚಿತ್ರ ತೋರಿಸಿ ಮಗುವಿಗೆ ಅರ್ಥವಾಗಲಿಲ್ಲ ಎನ್ನುವುದು ನ್ಯಾಯವಲ್ಲ.

ಈಗ ಭಾಷೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಕನ್ನಡದ ಮಕ್ಕಳು ಇಂತಹ ಸಾಧನಗಳನ್ನು ಅರ್ಧಕ್ಕೆ ಬಿಟ್ಟುಬಿಡಲು ನಾನು ಕಂಡ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಈ ಆಪ್‌ಗಳಲ್ಲಿ ಬಹಳಷ್ಟರ ವಿನ್ಯಾಸ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಆದದ್ದು. ಗುಂಡಿಯ ಮೇಲಿನ ಪದಗಳನ್ನಷ್ಟೇ ಕನ್ನಡಕ್ಕೆ ತಿರುಗಿಸಿದರೆ ಅದು ಕನ್ನಡದ ಹಲಗೆ (ಗುಂಡಿಗಳನ್ನು ಜೋಡಿಸಿದ ಪುಟ) ಆಗುವುದಿಲ್ಲ. ಇಂಗ್ಲಿಷಿನಲ್ಲಿ 'ಬೇಕು' ಎಂಬುದು ವಾಕ್ಯದ ನಡುವೆ ಬರುತ್ತದೆ, ನಮ್ಮಲ್ಲಿ ಕೊನೆಗೆ ಬರುತ್ತದೆ. ಅಂತಹ ಹಲಗೆಯಲ್ಲಿ ಎಡದಿಂದ ಬಲಕ್ಕೆ ಒತ್ತುತ್ತ ಹೋದರೆ ಯಂತ್ರ 'ನಾನು ಬೇಕು ನೀರು' ಎನ್ನುತ್ತದೆ. ಹಾಗೆ ಮಾತಾಡುವವರನ್ನು ಆ ಮಗು ಹುಟ್ಟಿದಂದಿನಿಂದ ಕೇಳಿಲ್ಲ. ಕಿವಿಗೆ ಬೀಳುವ ಕನ್ನಡ ಒಂದು, ಬೆರಳಿಗೆ ಸಿಗುವ ಕನ್ನಡ ಇನ್ನೊಂದು ಆದರೆ ಅವನು ಯಾವುದನ್ನು ಕಲಿಯಬೇಕು? ಆದ್ದರಿಂದ ಹಲಗೆಯನ್ನು ನೀವೇ ಜೋಡಿಸಿ. ಎಡಬದಿಯ ಸಾಲಿನಲ್ಲಿ ಜನ. ನಡುವೆ ವಸ್ತುಗಳು, ಜಾಗಗಳು. ಬಲಬದಿಯ ಕೊನೆಯ ಸಾಲಿನಲ್ಲಿ ಬೇಕು, ಬೇಡ, ಕೊಡು, ನೋಡು, ಬಾ, ಹೋಗೋಣ, ಸಾಕು. ಆಗ ಬೆರಳು ಸರಿಯುವ ದಾರಿಯೂ ಕನ್ನಡ ವಾಕ್ಯ ಸಾಗುವ ದಾರಿಯೂ ಒಂದೇ ಆಗುತ್ತದೆ. ಮುಂದೆ ಚಿತ್ರದ ಕಾರ್ಡುಗಳನ್ನು ಸಾಲಾಗಿ ಅಂಟಿಸಿ ವಾಕ್ಯ ಮಾಡುವ ರಟ್ಟಿನ ವಾಕ್ಯಪಟ್ಟಿಯಲ್ಲೂ ಇದೇ ಕ್ರಮವಿರಲಿ. ಇಂಗ್ಲಿಷ್ ಪುಸ್ತಕಗಳಲ್ಲಿ ತೋರಿಸಿರುವಂತೆ 'ಬೇಕು' ಕಾರ್ಡನ್ನು ಎಡಕ್ಕೆ ಅಂಟಿಸಬೇಡಿ.

ಎರಡನೆಯದು ವಿಭಕ್ತಿ. 'ಬೇಕು' ಎಂಬುದಕ್ಕೆ 'ನಾನು' ಹೊಂದುವುದಿಲ್ಲ, 'ನನಗೆ' ಬೇಕು. ಪ್ರತ್ಯಯವನ್ನು ಬೇರೆ ಗುಂಡಿಯಾಗಿ ಮಾಡಿ ಮಗುವಿನಿಂದ ಸೇರಿಸಿಸುವ ಪ್ರಯತ್ನ ಈ ಹಂತದಲ್ಲಿ ಬೇಡವೇ ಬೇಡ. 'ನನಗೆ', 'ಮನೆಗೆ', 'ಹೊರಗೆ' ಇವು ಇಡಿಯಾಗಿ ಒಂದೊಂದು ಗುಂಡಿ ಆಗಲಿ. ಮೂರನೆಯದು ನಿರಾಕರಣೆ. ಇಂಗ್ಲಿಷಿನ ಒಂದು 'ನೋ' ನಮ್ಮಲ್ಲಿ ಮೂರು: ಅನ್ನ ಬೇಡ, ಅನ್ನ ಇಲ್ಲ, ಇದು ಅನ್ನ ಅಲ್ಲ. ಹಲಗೆಯ ಮೇಲೆ 'ಇಲ್ಲ' ಎಂಬ ಒಂದೇ ಗುಂಡಿ ಇದ್ದರೆ, ಊಟ ಒಲ್ಲದ ಮಗು ಅದನ್ನೇ ಒತ್ತುತ್ತದೆ, ಬಡಿಸುವವರು 'ಇದೆಯಲ್ಲಪ್ಪಾ' ಎಂದು ಇನ್ನೊಂದು ಸೌಟು ಹಾಕುತ್ತಾರೆ. ಮೊದಲು ಕಲಿಸಬೇಕಾದದ್ದು 'ಬೇಡ'. ಅದು ಬಂದ ಮೇಲೆ 'ಇಲ್ಲ', ಬಹಳ ಆಮೇಲೆ 'ಅಲ್ಲ'.

ಇನ್ನು ನಿಮ್ಮ ಸೀಮೆಯ ಮಾತು. ಆ ಬಾಲಕ ಮನೆಯಲ್ಲಿ ಕೇಳುವುದು 'ನನಗ', 'ಬ್ಯಾಡ', 'ಅವ್ವ'. ಶಾಲೆಯಲ್ಲಿ ಮಕ್ಕಳು ನಿಮ್ಮನ್ನು 'ಅಕ್ಕೋರ' ಎಂದು ಕರೆಯುತ್ತಿರಬಹುದು. ಗುಂಡಿಯಿಂದಲೂ ಅದೇ ಹೊರಡಲಿ. ಗ್ರಂಥಭಾಷೆಯ 'ತಾಯಿ', 'ಶಿಕ್ಷಕಿ', 'ಶೌಚಾಲಯ' ಆ ಹಲಗೆಗೆ ಬೇಡ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಕನ್ನಡ ಧ್ವನಿ ಉಚಿತವಾಗಿ ಸಿಗುತ್ತದೆ, ಓದಿ ಹೇಳುತ್ತದೆ. ಆದರೆ ಅದು ದೊಡ್ಡವರ ಧ್ವನಿ, ಪುಸ್ತಕದ ಉಚ್ಚಾರ. ಧ್ವನಿಮುದ್ರಣಕ್ಕೆ ಅವಕಾಶವಿರುವ ಆಪ್ ಆದರೆ ಅದೇ ತರಗತಿಯ ಇನ್ನೊಬ್ಬ ಹುಡುಗನಿಂದ ಆ ಪದಗಳನ್ನು ಹೇಳಿಸಿ ಮುದ್ರಿಸಿಕೊಳ್ಳಿ. ತನ್ನ ಓರಗೆಯ ದನಿ ಅವನಿಗೆ ಸಿಗುತ್ತದೆ. ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ: ದನಿ ಕೊಟ್ಟ ಮಗು ಆ ಸಾಧನವನ್ನು ತನ್ನದೂ ಎಂದು ಕಾಯುತ್ತದೆ.

ಯಾವ ಆಪ್ ಎಂದು ಕೇಳಿದ್ದೀರಿ. ನಮ್ಮ ದೇಶದಲ್ಲೇ ಹುಟ್ಟಿದ ಆವಾಜ್ ಎಂಬುದಿದೆ. ಚೆನ್ನೈನಲ್ಲಿ ಅಜಿತ್ ನಾರಾಯಣನ್ ಮತ್ತು ಅವರ ತಂಡ ಮೊದಲು ಒಂದು ಪ್ರತ್ಯೇಕ ಯಂತ್ರವಾಗಿ ಅದನ್ನು ರೂಪಿಸಿತು, ಟ್ಯಾಬ್ಲೆಟ್‌ಗಳು ಬಂದ ಮೇಲೆ ಅದು ಆಪ್ ಆಯಿತು. ಐಐಟಿ ಬಾಂಬೆಯಲ್ಲಿ ರೂಪುಗೊಂಡ ಜೆಲ್ಲೋ ಉಚಿತ. ಸಿಬೋರ್ಡ್ ಎಂಬುದು ಮುಕ್ತ ತಂತ್ರಾಂಶ. ಇವುಗಳಲ್ಲಿ ಒಂದನ್ನೇ ಹೆಸರಿಸಿ ಇದೇ ಸರಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಆಪ್‌ಗಳು ವರ್ಷದೊಳಗೆ ಬದಲಾಗುತ್ತವೆ. ಹಾಕಿಕೊಳ್ಳುವ ಮುನ್ನ ನೀವೇ ಪರೀಕ್ಷಿಸಿ: ಇಂಟರ್‌ನೆಟ್ ತೆಗೆದಾಗಲೂ ಮಾತಾಡುತ್ತದೆಯೇ, ನಿಮ್ಮ ಫೋಟೋ ಹಾಗೂ ನಿಮ್ಮ ದನಿಯನ್ನು ಸೇರಿಸಲು ಬಿಡುತ್ತದೆಯೇ, ಗುಂಡಿಗಳ ಜಾಗವನ್ನು ನೀವೇ ನಿಗದಿ ಮಾಡಬಹುದೇ. ಈ ಮೂರೂ ಇದ್ದರೆ ಸಾಧಾರಣ ಆಪ್ ಕೂಡ ಸಾಕು. ಒಮ್ಮೆ ಜಾಗ ನಿಗದಿಯಾದ ಮೇಲೆ ಗುಂಡಿಗಳನ್ನು ಕದಲಿಸಬೇಡಿ. ನಿಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಕೈಗೆ ತಾನಾಗಿ ತಿಳಿಯುವಂತೆ, ಅವನ ಬೆರಳಿಗೂ 'ಬೇಡ' ಎಲ್ಲಿದೆಯೆಂದು ತಿಳಿಯಬೇಕು. ಹೊಸ ಪದಗಳನ್ನು ಖಾಲಿ ಜಾಗಗಳಲ್ಲಿ ಸೇರಿಸುತ್ತ ಹೋಗಿ.

ಶಾಲೆಗಳಲ್ಲಿ ನಾನು ನೋಡುವ ಹಲಗೆಗಳಲ್ಲಿ ಸಾಮಾನ್ಯವಾಗಿ ನಾಲ್ಕೇ ಚಿತ್ರಗಳಿರುತ್ತವೆ: ನೀರು, ಊಟ, ಮೂತ್ರ, ಮನೆ. ಇಷ್ಟನ್ನೇ ಕೊಟ್ಟರೆ ಮಗು ಇಷ್ಟನ್ನೇ ಹೇಳುತ್ತದೆ, ಹೇಳಿ ಬೇಸರಪಟ್ಟು ಬಿಟ್ಟುಬಿಡುತ್ತದೆ. ಕೇಳಿಕೊಳ್ಳುವುದು ಮಾತಿನ ಒಂದು ಭಾಗ ಅಷ್ಟೇ. 'ನೋಡು', 'ಮತ್ತೆ', 'ಬಿತ್ತು', 'ಯಾರು', 'ಚಂದ', 'ಸಿಟ್ಟು' ಇವೂ ಬೇಕು. ಜೊತೆಗೆ ಎರಡು ಗುಂಡಿಗಳನ್ನು ಮೊದಲ ತಿಂಗಳಲ್ಲೇ ಸೇರಿಸಿ ಎಂದು ಕೈಮುಗಿದು ಕೇಳುತ್ತೇನೆ. ಒಂದು 'ನೋವು', ಅದರ ಜೊತೆಗೆ ಮೈಯ ಭಾಗಗಳ ಹೆಸರು. ಇನ್ನೊಂದು 'ಮುಟ್ಟಬೇಡ'. ಕಿವಿನೋವಿನಿಂದ ತಲೆ ಚಚ್ಚಿಕೊಳ್ಳುತ್ತಿದ್ದ ಮಗುವನ್ನು ಹಟಮಾರಿ ಎಂದು ದಂಡಿಸಿದ್ದನ್ನು ನಾನು ನೋಡಿದ್ದೇನೆ. ಮಾತು ಬಾರದ ಮಗುವಿಗೆ ಯಾರಾದರೂ ಕೇಡು ಮಾಡಿದರೆ ಅದು ಹೊರಗೆ ಬರುವ ದಾರಿಯೇ ಇರುವುದಿಲ್ಲ. ಆ ದಾರಿಯನ್ನು ನಾವು ಮಾಡಿಕೊಡಬೇಕು.

ಹಲಗೆ ಸಿದ್ಧವಾಯಿತು ಎನ್ನೋಣ. ಇನ್ನು ಬಾಲಕನ ಕೈಗೆ ಕೊಟ್ಟು 'ಒತ್ತು' ಎನ್ನಬೇಡಿ. ಮೊದಲ ಹಲವು ವಾರ ಒತ್ತಬೇಕಾದವರು ನೀವು. ಮಾತು ಬರುವ ಮಗು ಒಂದು ಪದ ಆಡುವ ಮುನ್ನ ಒಂದು ವರ್ಷ ಕಾಲ ಸುತ್ತಲಿನವರ ಮಾತು ಕೇಳಿರುತ್ತದೆ. ಈ ಬಾಲಕ ಬೆರಳಿನಿಂದ ಮಾತಾಡುವವರನ್ನು ಒಬ್ಬರನ್ನೂ ನೋಡಿಲ್ಲ. 'ಹೊರಗೆ ಹೋಗೋಣ' ಎನ್ನುವಾಗ ಆ ಎರಡು ಗುಂಡಿಗಳನ್ನು ನೀವೂ ಒತ್ತಿ. ಮಳೆ ಬಂದರೆ 'ನೋಡು' ಎಂದು ಒತ್ತಿ ಕಿಟಕಿಯ ಕಡೆ ತೋರಿಸಿ. ಅವನು ನೋಡುತ್ತಿರುವಂತೆ ಕಾಣದಿದ್ದರೂ ಮಾಡಿ. ಆಟಿಸಂ ಇರುವ ಎಷ್ಟೋ ಮಕ್ಕಳು ಓರೆಗಣ್ಣಿನಲ್ಲೇ ಎಲ್ಲವನ್ನೂ ಗಮನಿಸುತ್ತಾರೆ, 'ನನ್ನ ಮುಖ ನೋಡು' ಎಂದು ಗದ್ದ ಹಿಡಿದು ತಿರುಗಿಸುವ ಅಗತ್ಯವಿಲ್ಲ. ಆಮೇಲೆ ಕಾಯಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. 31 ಮಕ್ಕಳ ತರಗತಿಯಲ್ಲಿ ಹತ್ತು ಸೆಕೆಂಡ್ ಸುಮ್ಮನಿರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಆದರೂ ಆ ಹತ್ತು ಸೆಕೆಂಡಿನಲ್ಲಿ ನಾವು ಬಾಯಿ ಹಾಕಿದರೆ ಅವನ ಸರದಿ ತಪ್ಪಿಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ವಾರಕ್ಕೊಮ್ಮೆ ಹೋಗುತ್ತಿದ್ದ ಶಾಲೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳಿದ್ದಳು. ಬಿಸಿಯೂಟದಲ್ಲಿ ಎರಡನೇ ಸಲ ಬಡಿಸಲು ಬಂದರೆ ತಟ್ಟೆಯನ್ನೇ ಎಸೆಯುತ್ತಿದ್ದಳು. ಅಡುಗೆಯವರು ಬೇಸರದಿಂದ ಅವಳನ್ನು ಗೋಡೆಯ ಕಡೆಗೆ, ಒಬ್ಬಳನ್ನೇ ಕೂರಿಸುತ್ತಿದ್ದರು. ಅವಳ ತಟ್ಟೆಯ ಪಕ್ಕದಲ್ಲಿ 'ಸಾಕು' ಎಂಬ ಒಂದೇ ಗುಂಡಿಯ ಪುಟ ತೆರೆದಿಟ್ಟು, ಎರಡು ವಾರ ಕಾಲ ನಾನು ಮತ್ತು ಅವಳ ಟೀಚರ್ ನಮ್ಮ ತಟ್ಟೆಗಳ ಮುಂದೆ ಅದನ್ನೇ ಒತ್ತಿ ತೋರಿಸಿದೆವು. ಒಂದು ಮಧ್ಯಾಹ್ನ ಸೌಟು ಅವಳ ತಟ್ಟೆಯ ಮೇಲೆ ಬಂದಾಗ ಅವಳು ಸಾರಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಗುಂಡಿ ಒತ್ತಿದಳು. ಪಕ್ಕದ ಮಕ್ಕಳ ಗದ್ದಲದಲ್ಲಿ ಆ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಅಡುಗೆಯವರಿಗೆ ಕೇಳಿಸಿತು. ಸೌಟು ಅಲ್ಲೇ ನಿಂತಿತು, ಒಂದು ತೊಟ್ಟು ಸಾರು ನೆಲಕ್ಕೆ ಬಿತ್ತು, ಸೌಟು ಬಕೆಟ್ಟಿಗೆ ವಾಪಸು ಹೋಯಿತು. ಹುಡುಗಿ ಆ ಬಕೆಟ್ಟನ್ನು ಬಹಳ ಹೊತ್ತು ನೋಡುತ್ತಿದ್ದಳು. ಅಂದು ಅವಳಿಗೆ ಪಾಠ ಮಾಡಿದವರು ಆ ಅಡುಗೆಯವರು. ಮಾತಿಗೆ ಬೆಲೆಯಿದೆ ಎಂದು ತೋರಿಸಿದವರು ಅವರೇ. 'ಬೇಡ', 'ಸಾಕು' ಎಂದು ನಿಮ್ಮ ಬಾಲಕ ಮೊದಲ ಸಲ ಹೇಳಿದ ದಿನ, ಅದು ನಿಮಗೆ ಎಷ್ಟೇ ಅನನುಕೂಲವಾದರೂ, ಒಂದು ಸಲವಾದರೂ ಅದನ್ನು ನಡೆಸಿಕೊಡಿ.

ತರಗತಿಯ ಉಳಿದ ಏರ್ಪಾಟಿನಲ್ಲಿ ನಿಮಗೆ ಒಂದು ಅನುಕೂಲವಿದೆ. ಆಟಿಸಂ ಇರುವ ಮಕ್ಕಳಿಗಾಗಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮತ್ತು ಸಂಗಡಿಗರು ರೂಪಿಸಿದ ಟೀಚ್ ಪದ್ಧತಿಯಲ್ಲಿ, ಮಗುವಿಗೆ ನಾಲ್ಕು ಸಂಗತಿಗಳು ಕಣ್ಣಿಗೆ ಕಾಣುವಂತಿರಬೇಕು ಎನ್ನುತ್ತಾರೆ: ಯಾವ ಕೆಲಸ, ಎಷ್ಟು, ಮುಗಿಯಿತೆಂದು ತಿಳಿಯುವುದು ಹೇಗೆ, ಮುಂದೆ ಏನು. ನಲಿ-ಕಲಿಯ ಕಲಿಕಾ ಏಣಿ (ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಪಟ), ಚಿತ್ರವಿರುವ ಕಾರ್ಡುಗಳು, ಗುಂಪಿನ ತಟ್ಟೆಗಳು ಈ ನಾಲ್ಕಕ್ಕೂ ಅರ್ಧ ದಾರಿ ಈಗಾಗಲೇ ಬಂದಿವೆ. ಅವನಿಗೆ ಮಾತ್ರ ಮೂರು ಡಬ್ಬಿಗಳನ್ನು ಎಡಗಡೆ ಇಡಿ, ಒಂದೊಂದರಲ್ಲೂ ಒಂದೊಂದು ಚಟುವಟಿಕೆ. ಮುಗಿದದ್ದು ಬಲಗಡೆಯ ಬುಟ್ಟಿಗೆ ಹೋಗಲಿ. ದಿನದ ಕ್ರಮವನ್ನು ಪ್ರಾರ್ಥನೆಯಿಂದ ಮನೆಗೆ ಹೋಗುವವರೆಗೆ ಮೇಲಿನಿಂದ ಕೆಳಗೆ ಚಿತ್ರಗಳಲ್ಲಿ ಅಂಟಿಸಿ, ಮುಗಿದದ್ದನ್ನು ಅವನೇ ಕಿತ್ತು ಹಾಕಲಿ. ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನಾದರೆ ಯಂತ್ರದ ಕೆಲಸಗಾರರು ಹಾಕಿಕೊಳ್ಳುವ, ಸದ್ದು ತಗ್ಗಿಸುವ ಕಿವಿಗವಸನ್ನು ಕೊಡಿಸಿ. ಆದರೆ ದಿನವಿಡೀ ಹಾಕಿಸಬೇಡಿ. ವಿಡಿಯೋ ಮೇಲಿನ ಅವನ ಪ್ರೀತಿಯನ್ನೂ ಬಳಸಿಕೊಳ್ಳಬಹುದು. ಸಾಲಿನಲ್ಲಿ ನಿಂತು ಕೈ ತೊಳೆದು ತಟ್ಟೆ ಹಿಡಿಯುವುದನ್ನು ಇನ್ನೊಬ್ಬ ಹುಡುಗನಿಂದ ಮಾಡಿಸಿ ಮೂವತ್ತು ಸೆಕೆಂಡಿನ ವಿಡಿಯೋ ತೆಗೆದು, ಬಿಸಿಯೂಟಕ್ಕೆ ಮುಂಚೆ ನಿಮ್ಮ ಮೊಬೈಲಿನಲ್ಲಿ ತೋರಿಸಿ. ನೋಡಿ ಕಲಿಯುವ ಈ ವಿಧಾನಕ್ಕೆ ಒಳ್ಳೆಯ ಸಂಶೋಧನಾ ಆಧಾರವಿದೆ.

ಒಂದು ಎಚ್ಚರಿಕೆ. ಮಗುವಿನ ಮಣಿಕಟ್ಟು ಅಥವಾ ಮೊಣಕೈ ಹಿಡಿದು, ಅಥವಾ ಅಕ್ಷರದ ಹಲಗೆಯನ್ನು ಅವನ ಮುಂದೆ ಹಿಡಿದು ಅಲುಗಿಸುತ್ತ, ಪುಟಗಟ್ಟಲೆ ಬರೆಸುತ್ತೇವೆ ಎನ್ನುವವರು ನಿಮ್ಮಲ್ಲಿಗೂ ಬರಬಹುದು. ಕೈ ಹಿಡಿದು ಬರೆಸಿದಾಗ ಬರುವ ಮಾತು ಮಗುವಿನದಲ್ಲ, ಹಿಡಿದವರದು ಎಂದು ಪರೀಕ್ಷೆಗಳಲ್ಲಿ ಮತ್ತೆಮತ್ತೆ ಕಂಡುಬಂದಿದೆ, ಹಲಗೆ ಹಿಡಿದು ಬರೆಸಿದ್ದು ಮಗುವಿನದೇ ಎಂಬುದಕ್ಕೂ ಸರಿಯಾದ ಆಧಾರವಿಲ್ಲ. ಅಮೆರಿಕದ ವಾಕ್‌-ಶ್ರವಣ ತಜ್ಞರ ಸಂಘ 2018ರಲ್ಲಿ ಈ ಪದ್ಧತಿಗಳನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ಆರಂಭದಲ್ಲಿ ಕೈಗೆ ದಾರಿ ತೋರಿಸುವುದು ಬೇರೆ, ಅದನ್ನು ಬೇಗ ಬಿಡಬೇಕು. ಬಿಟ್ಟ ಮೇಲೆ ಅವನೇ ಒತ್ತಿದ್ದು ಮಾತ್ರ ಅವನ ಮಾತು.

ನೀವು ಒಬ್ಬರೇ ಇದನ್ನೆಲ್ಲ ಹೊರಬೇಕಾಗಿಲ್ಲ. ನಿಮ್ಮ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರನ್ನು (ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ಕರೆಸಿ. ಭೇಟಿಯ ದಿನ ತಾಯಿಯೂ ಇರಲಿ. ವಾಕ್ ಚಿಕಿತ್ಸಕರ ಮೌಲ್ಯಮಾಪನ ಒಮ್ಮೆ ಆಗಲೇಬೇಕು, ಶ್ರವಣ ಪರೀಕ್ಷೆಯೂ ಆಗಿರಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್ ದೂರವೆನ್ನಿಸಿದರೂ ಒಂದು ಸಲದ ಪ್ರಯಾಣಕ್ಕೆ ತಕ್ಕವು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಹೆಸರಿಸಿರುವ 21 ಬಗೆಗಳಲ್ಲಿ ಆಟಿಸಂ ಒಂದು. ಅದರ 17ನೇ ಕಲಂ ಪ್ರಕಾರ, ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿರುವ ಮಗುವಿಗೆ 18 ವರ್ಷದವರೆಗೆ ಕಲಿಕಾ ಸಾಮಗ್ರಿ ಮತ್ತು ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸಬೇಕು. ಬಾಯಿಮಾತಿಗೆ ಪರ್ಯಾಯವಾದ ಸಂವಹನ ವಿಧಾನಗಳನ್ನು ಉತ್ತೇಜಿಸಬೇಕು ಎಂದೂ ಅದೇ ಕಲಂ ಹೇಳುತ್ತದೆ. ದಾನಿಯ ಟ್ಯಾಬ್ ಕೆಟ್ಟರೆ ಮುಂದಿನದನ್ನು ಕೇಳುವುದು ಭಿಕ್ಷೆಯಲ್ಲ. ಅರ್ಜಿಯಲ್ಲಿ ಆ ಕಲಂ ಸಂಖ್ಯೆಯನ್ನು ಬರೆಯಿರಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಷ್ಟು ಗುಂಡಿ ಸರಿಯಾಗಿ ಒತ್ತಿದ ಎಂದು ಎಣಿಸುವುದು ಬೇಡ. ಯಾರೂ ಹೇಳದೆ ಇಂದು ಏನು ಹೇಳಿದ, ಯಾರಿಗೆ ಹೇಳಿದ ಎಂದು ಎರಡು ಸಾಲು ಬರೆಯಿರಿ. ನಿಮ್ಮೊಬ್ಬರಿಗೆ ಹೇಳುತ್ತಿದ್ದವನು ಪಕ್ಕದ ಹುಡುಗನಿಗೆ, ಆಮೇಲೆ ಮುಖ್ಯ ಶಿಕ್ಷಕರಿಗೆ, ಆಮೇಲೆ ಅಂಗಡಿಯವನಿಗೆ ಹೇಳಿದರೆ ಅದೇ ಪ್ರಗತಿ.

ಕೊನೆಗೆ ಬೀರುವಿನ ಮಾತು. ಒಳ್ಳೆಯ ಟ್ಯಾಬ್, ಒಳ್ಳೆಯ ಆಪ್, ತರಬೇತಿ ಪಡೆದ ಶಿಕ್ಷಕರು ಎಲ್ಲ ಇದ್ದ ಒಂದು ಕಡೆ ನಾನು ಮೂರು ತಿಂಗಳ ಬಳಿಕ ಹೋದಾಗ, ಸಾಧನ ಹಾಳಾಗಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು. ಸ್ಟಾಕ್ ರಿಜಿಸ್ಟರಿನಲ್ಲಿ ನಮೂದು ಸರಿಯಾಗಿತ್ತು, ಕೀಲಿ ರಜೆಯ ಮೇಲಿದ್ದವರ ಬಳಿ ಇತ್ತು. ಆ ಮಗು ಮೂರು ತಿಂಗಳು ಮೂಕವಾಗಿತ್ತು. ನಿಮ್ಮಲ್ಲಿ ಹಾಗಾಗದಿರಲು ಈಗಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ನಿರ್ಣಯ ಬರೆಸಿ: ಈ ಟ್ಯಾಬ್ ಶಾಲೆಯ ಉಪಕರಣವಲ್ಲ, ಬಾಲಕನದು. ದಪ್ಪ ಕವರು, ಹೆಗಲಿಗೆ ಹಾಕುವ ಪಟ್ಟಿ ಕೊಡಿಸಿ. ಆಟದ ಬಯಲಿಗೂ, ಊಟಕ್ಕೂ ಅವನ ಜೊತೆ ಹೋಗಲಿ, ಬಿದ್ದರೆ ಬೀಳಲಿ. ಸಂಜೆ ಮನೆಗೆ ಹೋಗಲಿ. ಬೇಸಿಗೆ ರಜೆ ಬಂದಾಗ ಚಾರ್ಜರ್ ಸಮೇತ ಅವನ ಚೀಲದಲ್ಲಿಟ್ಟು, ಏಪ್ರಿಲ್‌ನಲ್ಲಿ ಮನೆಯಲ್ಲಿ ಬೇಕಾಗುವ ಪದಗಳನ್ನು, ಅಜ್ಜಿಯ ಹೆಸರು, ಮಾವಿನಹಣ್ಣು, ಜಾತ್ರೆ, ಎತ್ತು, ಖಾಲಿ ಜಾಗಗಳಲ್ಲಿ ತುಂಬಿ, ಅವನ ತಾಯಿಯ ಕೈಯಿಂದಲೇ ಒಂದೊಂದನ್ನೂ ಒತ್ತಿಸಿ ನೋಡಿ ಕಳುಹಿಸಿ.